ಎಂಬತ್ತರ ಹೀರೋ ರೈಲಿನ ಮೇಲೆ ಓಡುವುದು ಹೇಗೆ?

"ಮುಖ ಹುಡುಗಂದು, ಮಂಡಿ ಮುದುಕಂದು."

ಇದು ನಮ್ಮಪ್ಪ ಹೇಳಿದ ಮಾತು. ಮನೆಯ ಟಿವಿಯಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಐದನೇ ಸಿನಿಮಾ ಹಾಕಿದ್ದೆ. 2023ರಲ್ಲಿ ಬಂದ 'ಡಯಲ್ ಆಫ್ ಡೆಸ್ಟಿನಿ'. ಕಥೆ ಶುರುವಾಗುವುದು 1944ರಲ್ಲಿ. ರಾತ್ರಿ ಹೊತ್ತು, ನಾಜಿಗಳ ರೈಲು ಓಡುತ್ತಿದೆ. ಅದರ ಮೇಲೆ ಇಂಡಿ, ಅಂದರೆ ಹಳೆಯ ಕಾಲದ ವಸ್ತುಗಳನ್ನು ಹುಡುಕುವ ಸಾಹಸಿ ಇಂಡಿಯಾನಾ ಜೋನ್ಸ್ ಪಾತ್ರದಲ್ಲಿ ನಟ ಹ್ಯಾರಿಸನ್ ಫೋರ್ಡ್ ಓಡುತ್ತಿದ್ದಾರೆ. ಮುಖ ನೋಡಿದರೆ ನಲವತ್ತೈದು ದಾಟಿಲ್ಲ. ಅಪ್ಪನಿಗೆ ಆ ಸರಣಿಯ ಹಿಂದುಮುಂದು ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಮುಖ ಬದಲಾಯಿಸಿದ್ದಾರೆ ಅಂತ ನಾನೂ ಹೇಳಿರಲಿಲ್ಲ. ಹತ್ತು ನಿಮಿಷ ಸುಮ್ನೆ ನೋಡಿದರು. ಕಾಫಿ ಲೋಟ ಕೆಳಗಿಟ್ಟರು. ಆ ಮಾತು ಹೇಳಿದರು.

ಅಪ್ಪನಿಗೆ ಈಗ ಎಪ್ಪತ್ನಾಲ್ಕು. ಎರಡು ವರ್ಷದಿಂದ ಮಂಡಿ ನೋವು. ಹಾಗಾಗಿ ಅವರಿಗೆ ಅದು ಕಂಡಿತು. ನನಗೆ ಕಂಡಿರಲಿಲ್ಲ. ಆಮೇಲೆ ಆ ಭಾಗವನ್ನು ನಾನು ನಾಲ್ಕೈದು ಸಲ ನೋಡಿದೆ. ವಯಸ್ಸಾದ ಆ್ಯಕ್ಷನ್ ಹೀರೋನನ್ನು ಎಷ್ಟೋ ವರ್ಷದ ಮೇಲೆ ವಾಪಸ್ ಕರೆತರುವಾಗ ಏನೇನು ಮಾಡುತ್ತಾರೆ, ಯಾವುದು ಕೈಗೂಡುತ್ತದೆ, ಯಾವುದು ಕೈಕೊಡುತ್ತದೆ ಅನ್ನುವುದೆಲ್ಲ ಆ ಒಂದು ಸಾಲಿನಲ್ಲೇ ಇದೆ ಅನ್ನಿಸಿತು.

ಮೊದಲು ಲೆಕ್ಕ ನೋಡೋಣ. ಫೋರ್ಡ್ ಹುಟ್ಟಿದ್ದು 1942ರ ಜುಲೈ 13ರಂದು. ಸರಣಿಯ ಮೊದಲ ಸಿನಿಮಾ 1981ರಲ್ಲಿ ಬಂದಾಗ ಅವರಿಗೆ 38. ಐದನೆಯದರ ಚಿತ್ರೀಕರಣ 2021ರ ಜೂನ್‌ನಲ್ಲಿ ಶುರುವಾಯಿತು. ಅದೇ ತಿಂಗಳು ಒಂದು ಫೈಟ್‌ಗೆ ತಾಲೀಮು ಮಾಡುವಾಗ ಅವರ ಭುಜಕ್ಕೆ ಪೆಟ್ಟಾಯಿತು. ಅವರು ಚೇತರಿಸಿಕೊಳ್ಳುವವರೆಗೆ ಅವರಿಲ್ಲದ ದೃಶ್ಯಗಳನ್ನು ತೆಗೆಯುತ್ತಾ ಹೋದರು. ಸಿನಿಮಾ 2023ರ ಜೂನ್ 30ರಂದು ತೆರೆಗೆ ಬಂದಾಗ ಅವರಿಗೆ 80.

ಹಾಗಾದರೆ ರೈಲಿನ ಮೇಲೆ ಓಡಿದ್ದು ಯಾರು?

ತೆರೆಯ ಮೇಲೆ ನಮಗೆ ಒಬ್ಬ ಹೀರೋ ಕಾಣುತ್ತಾನೆ. ಅವನೊಳಗೆ ಕಡಿಮೆ ಅಂದರೂ ಇಬ್ಬರಿರುತ್ತಾರೆ, ನಟ ಮತ್ತು ಡ್ಯೂಪ್. ಇದು ವಯಸ್ಸಾದ ಮೇಲೆ ಬಂದ ಏರ್ಪಾಡಲ್ಲ. ಎರಡನೇ ಸಿನಿಮಾ 'ಟೆಂಪಲ್ ಆಫ್ ಡೂಮ್' ನೆನಪಿದೆಯಾ? ನಮ್ಮ ಅಮರೀಶ್ ಪುರಿ ಖಳನಾಗಿದ್ದ ಸಿನಿಮಾ. 1983ರಲ್ಲಿ ಅದರ ಚಿತ್ರೀಕರಣದ ನಡುವೆ ಫೋರ್ಡ್ ಬೆನ್ನುಮೂಳೆಯ ಡಿಸ್ಕ್ ಜಾರಿತು. ಆಪರೇಷನ್‌ಗೆ ಅಂತ ಲಾಸ್ ಏಂಜಲೀಸ್‌ಗೆ ಹೋದರು. ಅವರು ವಾಪಸ್ ಬರುವ ತನಕ ಕೆಲವು ವಾರ ಡ್ಯೂಪ್ ವಿಕ್ ಆರ್ಮ್‌ಸ್ಟ್ರಾಂಗ್ ಅವರನ್ನೇ ಇಟ್ಟುಕೊಂಡು ನಿರ್ದೇಶಕ ಸ್ಪೀಲ್‌ಬರ್ಗ್ ಫೈಟ್‌ಗಳನ್ನು ತೆಗೆದರು. ಹಿಂದಿನಿಂದ, ಪಕ್ಕದಿಂದ, ಟೋಪಿಯ ನೆರಳಿನಲ್ಲಿ. ಫೋರ್ಡ್ ಬಂದ ಮೇಲೆ ಕ್ಲೋಸಪ್‌ಗಳನ್ನು ಸೇರಿಸಿದರು. ಆಗ ಫೋರ್ಡ್‌ಗೆ ಇನ್ನೂ 41.

ಅಂದರೆ ಆ ಟೋಪಿ ಬರೀ ಸ್ಟೈಲ್‌ಗೆ ಅಲ್ಲ. ಅದು ಡ್ಯೂಪ್‌ನ ಮುಖ ಮುಚ್ಚುವ ಚಪ್ಪರವೂ ಹೌದು.

ಈಗ ಮೂರನೆಯವರೂ ಸೇರಿಕೊಂಡಿದ್ದಾರೆ. ಅವರು ಕಂಪ್ಯೂಟರ್ ಮುಂದೆ ಕೂತವರು. ಐದನೇ ಸಿನಿಮಾದ ಮೊದಲ ಇಪ್ಪತ್ತೈದು ನಿಮಿಷದಷ್ಟು ಭಾಗದಲ್ಲಿ ಫೋರ್ಡ್ ಮುಖದ ವಯಸ್ಸು ಕಡಿಮೆ ಮಾಡಿದ್ದು ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಕಂಪನಿಯವರು. ಅವರಿಗೆ ಒಂದು ದೊಡ್ಡ ಅನುಕೂಲ ಇತ್ತು. ಈ ಸರಣಿ ತೆಗೆದ ಲೂಕಸ್‌ಫಿಲ್ಮ್ ಕಂಪನಿ ಬಳಿ ಫೋರ್ಡ್ ಅವರ ಹಳೆಯ ಫಿಲ್ಮ್ ರಾಶಿ ರಾಶಿ ಇದೆ. ಎಡಕ್ಕೆ ತಿರುಗಿದ ಮುಖ, ನಕ್ಕ ಮುಖ, ಬೆಂಕಿಯ ಬೆಳಕಿನ ಮುಖ, ಕತ್ತಲೆಯಲ್ಲಿನ ಮುಖ ಎಲ್ಲವೂ.

ಕೆಲಸ ಹೀಗೆ ನಡೆಯುತ್ತದೆ. ಈಗಿನ ಫೋರ್ಡ್ ಮುಖದ ಮೇಲೆ ಸಣ್ಣ ಸಣ್ಣ ಚುಕ್ಕೆ ಇಟ್ಟುಕೊಂಡು ನಟಿಸುತ್ತಾರೆ. ಆ ಚುಕ್ಕೆಗಳು ಹೇಗೆ ಸರಿದವು ಅನ್ನುವುದರಿಂದ ಯಾವ ಸ್ನಾಯು ಎಷ್ಟು ಎಳೆಯಿತು ಅಂತ ಗೊತ್ತಾಗುತ್ತದೆ. ಆಮೇಲೆ ಕಂಪ್ಯೂಟರ್ ಹಳೆಯ ರಾಶಿಯಲ್ಲಿ ಹುಡುಕುತ್ತದೆ: ಇದೇ ಕೋನ, ಇಂಥದ್ದೇ ಬೆಳಕು, ಇದೇ ಭಾವ ಇರುವ ಮುಖ ಎಲ್ಲಾದರೂ ಇದೆಯಾ? ಸಿಕ್ಕಿದ್ದನ್ನು ಇಂದಿನ ನಟನೆಗೆ ಹೊಂದಿಸುತ್ತದೆ. ಅದು ಸಾಲದ ಕಡೆ ಮೂರು ಆಯಾಮದಲ್ಲಿ ಕಟ್ಟಿದ ತಲೆಯನ್ನೇ ಕೂರಿಸುತ್ತಾರೆ. ಕೊನೆಗೆ ಕಲಾವಿದರು ಒಂದೊಂದೇ ಶಾಟ್ ಹಿಡಿದು ಕಣ್ಣಿನ ಅಂಚು, ಬಾಯಿಯ ಮೂಲೆ ತಿದ್ದುತ್ತಾರೆ. ಯಂತ್ರ ಬಹಳಷ್ಟು ಮಾಡುತ್ತದೆ. ಆದರೆ ಮುಖಕ್ಕೆ ಜೀವ ಬಂತಾ ಇಲ್ಲವಾ ಅಂತ ಕೊನೆಗೆ ತೀರ್ಮಾನಿಸುವುದು ಮನುಷ್ಯನ ಕಣ್ಣೇ.

ಈ ಕಣ್ಣಿಗೆ ಮೋಸ ಮಾಡುವುದು ಕಷ್ಟ. ಜಪಾನಿನ ರೋಬೋ ತಜ್ಞ ಮಸಾಹಿರೋ ಮೋರಿ 1970ರಲ್ಲೇ ಒಂದು ವಿಷಯ ಗುರುತಿಸಿದರು. ಗೊಂಬೆ ಗೊಂಬೆಯ ಥರ ಇದ್ದರೆ ನಮಗೆ ಇಷ್ಟ. ಅದು ಮನುಷ್ಯನನ್ನು ಹೋಲುತ್ತಾ ಹೋದಂತೆ ಇಷ್ಟ ಜಾಸ್ತಿಯಾಗುತ್ತದೆ. ಆದರೆ ಹೆಚ್ಚುಕಡಿಮೆ ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ದಿಢೀರನೆ ಮೈ ಜುಂ ಅನ್ನುತ್ತದೆ. ಎಲ್ಲಾ ಸರಿ ಇದೆ, ಏನೋ ಒಂದು ಸರಿ ಇಲ್ಲ ಅನ್ನಿಸುತ್ತದೆ. ಹಾಗಾಗಿಯೇ ರೈಲಿನ ದೃಶ್ಯ ರಾತ್ರಿ ನಡೆಯುತ್ತದೆ ಅಂತ ನನಗನ್ನಿಸುತ್ತದೆ. ಕತ್ತಲೆ, ಹೊಗೆ, ಚಕಚಕನೆ ಬದಲಾಗುವ ಶಾಟ್‌ಗಳು. ಅನುಮಾನ ಪಡಲು ಕಣ್ಣಿಗೆ ಪುರುಸೊತ್ತೇ ಸಿಗುವುದಿಲ್ಲ.

ನಾನು ಹೇಳುತ್ತೇನೆ, ಮುಖದ ಕೆಲಸ ತುಂಬಾ ಚೆನ್ನಾಗಿದೆ. ಕೆಲವು ಶಾಟ್‌ಗಳಲ್ಲಿ ನನಗೆ ಹಳೆಯ ಇಂಡಿಯೇ ಸಿಕ್ಕಿದ. ಆದರೆ ಅವನು ಬಾಯಿ ಬಿಟ್ಟ ಕೂಡಲೇ ಅನುಮಾನ ಬಂತು. ಆ ಗಂಟಲು ನಲವತ್ತೈದರದ್ದಲ್ಲ. ವಯಸ್ಸಾದಂತೆ ಗಂಟಲಿನ ಧ್ವನಿಪಟ್ಟಿಗಳು ತೆಳ್ಳಗಾಗುತ್ತವೆ, ಬಿಗಿಯಾಗುತ್ತವೆ. ಮಾತಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಗೊಗ್ಗರು ಬರುತ್ತದೆ. ಮುಖಕ್ಕೆ ಹಾಕಿದ ಶ್ರಮದಲ್ಲಿ ಕಾಲು ಭಾಗವನ್ನು ಧ್ವನಿಗೂ ಹಾಕಿದ್ದರೆ ಅಂತ ಆಸೆಯಾಯಿತು.

ಇನ್ನು ಅಪ್ಪ ಹೇಳಿದ ಮಂಡಿ.

ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ವ್ಯಾಯಾಮ ಮಾಡಿದರೆ ನಿಧಾನಿಸಬಹುದು, ನಿಲ್ಲಿಸಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನವಾಗಿ, ಹೊತ್ತುಗಟ್ಟಲೆ ದುಡಿಯುವುದು. ಇನ್ನೊಂದು ಪಟಕ್ಕನೆ ಎಳೆದು ಬಿಡುವುದು. ವಯಸ್ಸು ಹೆಚ್ಚು ತಿನ್ನುವುದು ಈ ಎರಡನೆಯದನ್ನು. ಅದಕ್ಕೇ ಎಪ್ಪತ್ತರ ರೈತ ಮೂಟೆ ಹೊರಬಲ್ಲ. ಆದರೆ ಸಣ್ಣ ಕಾಲುವೆ ಜಿಗಿಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಾನೆ. ಬಲ ಇನ್ನೂ ಇದೆ, ಚುರುಕು ಹೋಗಿದೆ.

ಆ್ಯಕ್ಷನ್ ಹೀರೋಗೆ ಬೇಕಾಗಿರುವುದು ಆ ಚುರುಕೇ ಅಲ್ವಾ? ಜಿಗಿಯೋದು, ಥಟ್ಟನೆ ತಿರುಗೋದು, ಬಿದ್ದವನು ಪುಟಿದು ಏಳೋದು.

ನಡಿಗೆಯೂ ಬದಲಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಹೊತ್ತು ಜಾಸ್ತಿಯಾಗುತ್ತದೆ. ಇದನ್ನು ಯಾರೂ ನಮಗೆ ಪಾಠ ಮಾಡಿಲ್ಲ. ಆದರೂ ದೂರದಿಂದ ಬರುವವರ ಮುಖ ಕಾಣುವ ಮೊದಲೇ ವಯಸ್ಸಾದವರು ಅಂತ ಗೊತ್ತಾಗಿಬಿಡುತ್ತದೆ. ಮದುವೆ ಮನೆಯಲ್ಲಿ ನೆಲದ ಮೇಲಿನ ಪಂಕ್ತಿ ಊಟ ಮುಗಿಯುವ ಹೊತ್ತನ್ನು ಒಮ್ಮೆ ಗಮನಿಸಿ. ಬಲಗೈ ಎಂಜಲು, ಊರುವ ಹಾಗಿಲ್ಲ. ಹುಡುಗರು ಆಗಲೇ ಎದ್ದು ಕೈ ತೊಳೆಯಲು ಓಡಿರುತ್ತಾರೆ. ದೊಡ್ಡವರು ಎಡಗೈ ನೆಲಕ್ಕೆ ಊರುತ್ತಾರೆ, ಮುಂದಕ್ಕೆ ವಾಲುತ್ತಾರೆ, ಉಸ್ಸಪ್ಪಾ ಅಂತ ಒಂದು ಉಸಿರು ಬಿಟ್ಟು ಏಳುತ್ತಾರೆ. ಕೂದಲಿಗೆ ಎಷ್ಟೇ ಬಣ್ಣ ಹಚ್ಚಿದ್ದರೂ ಆ ಏಳುವ ರೀತಿ ವಯಸ್ಸು ಹೇಳಿಬಿಡುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2019ರ 'ದಿ ಐರಿಶ್‌ಮ್ಯಾನ್'. ಅದರಲ್ಲೂ ಮುಖದ ವಯಸ್ಸು ಕಡಿಮೆ ಮಾಡಿದ್ದು ಇದೇ ಕಂಪನಿ, ಅಲ್ಲಿ ಚುಕ್ಕೆಯೂ ಇಲ್ಲದೆ. ಮುಖ್ಯ ಕ್ಯಾಮೆರಾದ ಅಕ್ಕಪಕ್ಕ ಇನ್ಫ್ರಾರೆಡ್ ಕ್ಯಾಮೆರಾ ಇಟ್ಟು ಮುಖ ಓದಿದರು. ಅದರ ನಾಯಕ ನಟ ರಾಬರ್ಟ್ ಡಿ ನೀರೋಗೆ ಆಗ ಎಪ್ಪತ್ತು ದಾಟಿತ್ತು. ಮೈಯ ಭಂಗಿ ತಿದ್ದಲು ಗ್ಯಾರಿ ಟೇಕನ್ ಅನ್ನುವವರು ಸೆಟ್ಟಿನಲ್ಲೇ ಇದ್ದರು. ಆದರೂ ಒಂದು ದೃಶ್ಯ ಸಿಕ್ಕಿಬಿದ್ದಿತು. ಅಂಗಡಿಯವನನ್ನು ರಸ್ತೆಗೆ ಎಳೆದು ತುಳಿಯುವ ದೃಶ್ಯ. ಮುಖ ಸಿಟ್ಟಿನ ಯುವಕನದ್ದು. ಕಾಲು ಮಾತ್ರ ಬೀಳದಂತೆ ಹುಷಾರಾಗಿ ಒದೆಯುವ ಅಜ್ಜನದ್ದು. ಎಷ್ಟು ದುಬಾರಿ ತಂತ್ರ ಇದ್ದರೂ ಮೈ ತನ್ನ ಸತ್ಯ ಹೇಳಿಯೇ ಹೇಳುತ್ತದೆ.

ಹಾಗಾದರೆ ಬೇರೆ ದಾರಿ ಏನು? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಇದೆ. ಫೋರ್ಡ್ ಅವರೇ 2023ರ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದು. ಐದನೇ ಸಿನಿಮಾದಲ್ಲಿ ಇಂಡಿ ಕುದುರೆ ಹತ್ತಿ ನ್ಯೂಯಾರ್ಕಿನ ಮೆರವಣಿಗೆಯ ನಡುವೆ ಓಡಿಸುವ ಭಾಗವಿದೆ. ಕುದುರೆಯಿಂದ ಇಳಿಯುವಾಗ ಮೈಮೇಲೆ ಯಾರದೋ ಕೈಗಳು ತಗುಲಿದವಂತೆ. ನೋಡಿದರೆ ಸ್ಟಂಟ್ ತಂಡದ ಮೂವರು, ಅವರು ಬೀಳದಿರಲಿ ಅಂತ ಹಿಡಿದುಕೊಳ್ಳಲು ನಿಂತಿದ್ದಾರೆ. ಫೋರ್ಡ್ ರೇಗಿಬಿಟ್ಟರು. ನನ್ನ ಪಾಡಿಗೆ ನನ್ನನ್ನು ಬಿಡಿ, ನಾನು ಕುದುರೆಯಿಂದ ಇಳಿಯುತ್ತಿರುವ ಮುದುಕ, ನೋಡುವವರಿಗೂ ಅದು ಹಾಗೆಯೇ ಕಾಣಬೇಕು ಅಂದರು.

ಈ ಮಾತಿನಲ್ಲಿ ಒಂದು ಇಡೀ ವಿಧಾನವೇ ಇದೆ. ಒಂದು ಸಿನಿಮಾ ವಯಸ್ಸನ್ನು ಮುಚ್ಚಬಹುದು. ಇಲ್ಲವೇ ಅದನ್ನೇ ಕಥೆ ಮಾಡಬಹುದು. 'ಡಯಲ್ ಆಫ್ ಡೆಸ್ಟಿನಿ' ಮೊದಲ ಇಪ್ಪತ್ತೈದು ನಿಮಿಷ ಮುಚ್ಚುತ್ತದೆ. ಆಮೇಲೆ ಒಂದೇ ಏಟಿಗೆ ಬಿಚ್ಚಿಡುತ್ತದೆ. ಇಸವಿ 1969. ನ್ಯೂಯಾರ್ಕಿನ ಒಂದು ಫ್ಲ್ಯಾಟ್. ಪಕ್ಕದ ಮನೆ ಹುಡುಗರು ಜೋರಾಗಿ ಹಾಡು ಹಾಕಿದ್ದಾರೆ. ಕುರ್ಚಿಯಲ್ಲೇ ನಿದ್ದೆ ಹೋಗಿದ್ದ ಇಂಡಿ ಎಚ್ಚರಗೊಳ್ಳುತ್ತಾನೆ. ಮೈಮೇಲೆ ಬರೀ ಚಡ್ಡಿ. ಜೋತುಬಿದ್ದ ಎದೆ, ಬೆಳ್ಳಗಿನ ಕೂದಲು, ಸಣ್ಣಗಾದ ಕಾಲು. ಇಲ್ಲಿ ಡ್ಯೂಪ್ ಇಲ್ಲ, ಚುಕ್ಕೆ ಇಲ್ಲ. ಮಗ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ. ಹೆಂಡತಿ ಮೇರಿಯನ್ ದೂರ ಹೋಗಿದ್ದಾಳೆ. ಅವತ್ತೇ ಅವನಿಗೆ ಕಾಲೇಜಿನಿಂದ ನಿವೃತ್ತಿ. ಹೊರಗೆ ಚಂದ್ರನ ಮೇಲೆ ಕಾಲಿಟ್ಟು ಬಂದವರ ಮೆರವಣಿಗೆ. ಊರೆಲ್ಲ ಮುಂದಿನದನ್ನು ನೋಡುತ್ತಿರುವಾಗ ಇವನೊಬ್ಬ ಹಿಂದಿನದನ್ನು ಅಗೆಯುವವನು. ರೈಲಿನ ದೃಶ್ಯಕ್ಕೆ ಸುರಿದ ತಂತ್ರವೆಲ್ಲ ಸೇರಿದರೂ ಈ ಎರಡು ನಿಮಿಷದಷ್ಟು ನನ್ನನ್ನು ಹಿಡಿಯಲಿಲ್ಲ.

ಇದು ಸಾಧ್ಯವಾಗಿದ್ದು ಕ್ಯಾಲೆಂಡರ್ ಸರಿಯಾಗಿ ಇಟ್ಟಿದ್ದರಿಂದ. ಕಥೆಯ ಪ್ರಕಾರ ಇಂಡಿ ಹುಟ್ಟಿದ್ದು 1899ರಲ್ಲಿ. 1989ರ ಮೂರನೇ ಸಿನಿಮಾದ ಮುಖ್ಯ ಕಥೆ ನಡೆಯುವುದು 1938ರಲ್ಲಿ. 2008ರ ನಾಲ್ಕನೆಯದು 1957ರಲ್ಲಿ. ಎರಡೂ ಕಡೆ ಸರಿಯಾಗಿ 19 ವರ್ಷ! ನಟನಿಗೆ ಎಷ್ಟು ವಯಸ್ಸಾಯಿತೋ ಪಾತ್ರಕ್ಕೂ ಅಷ್ಟೇ ಆಯಿತು. ಐದನೆಯದರಲ್ಲಿ ಪಾತ್ರಕ್ಕೆ 70, ನಟನಿಗೆ ಅದಕ್ಕಿಂತ ಒಂಬತ್ತೋ ಹತ್ತೋ ಹೆಚ್ಚು. ಕಾಲ ಸರಿದಂತೆ ಶತ್ರುವೂ ಬದಲಾಗುತ್ತಾನೆ. ಮೊದಲು ನಾಜಿಗಳು, 1957ಕ್ಕೆ ಸೋವಿಯತ್ತಿನವರು, 1969ಕ್ಕೆ ಅಮೆರಿಕದ ರಾಕೆಟ್ ಯೋಜನೆಯಲ್ಲಿ ಸೇರಿಕೊಂಡ ಹಳೆಯ ನಾಜಿ ವಿಜ್ಞಾನಿ. ಆ ಕೊನೆಯದಕ್ಕೆ ನಿಜ ಇತಿಹಾಸದ ಆಸರೆ ಇದೆ. ಹಿಟ್ಲರನಿಗೆ ವಿ-2 ರಾಕೆಟ್ ಮಾಡಿಕೊಟ್ಟ ವರ್ನರ್ ಫಾನ್ ಬ್ರೌನ್ ಅವರೇ ಮುಂದೆ ಅಮೆರಿಕಕ್ಕೆ ಚಂದ್ರಯಾನದ ಸ್ಯಾಟರ್ನ್-5 ಕಟ್ಟುವ ಕೆಲಸ ಮುನ್ನಡೆಸಿದರು.

ಕ್ಯಾಲೆಂಡರ್ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಕಮಲ್ ಹಾಸನ್ ಅವರ 'ಇಂಡಿಯನ್' ಬಂದಿದ್ದು 1996ರಲ್ಲಿ. ನೇತಾಜಿಯ ಸೈನ್ಯದಲ್ಲಿದ್ದ ಸೇನಾಪತಿ ಅನ್ನುವ ಮುದುಕನ ಪಾತ್ರ. ಆಗ ಕಮಲ್‌ಗೆ ಸುಮಾರು 41. ಗಂಟೆಗಟ್ಟಲೆ ಮೇಕಪ್ ಹಾಕಿಸಿಕೊಂಡು ಎಪ್ಪತ್ತು ದಾಟಿದವರಾದರು. ಆ ಸಿನಿಮಾದಲ್ಲಿ ವಯಸ್ಸೇ ಹೊಡೆತ. ಇಷ್ಟು ಮುದುಕ ಇಷ್ಟು ಚುರುಕಾ ಅನ್ನುವ ಬೆರಗು. 2024ರಲ್ಲಿ ಎರಡನೇ ಭಾಗ ಬಂತು, ಕಥೆಯನ್ನೂ ಈ ಕಾಲಕ್ಕೇ ತಂದರು. ಆ ಹೊತ್ತಿಗೆ ಕಮಲ್‌ಗೆ 69, ಸೇನಾಪತಿಗೆ ನೂರು ದಾಟಿತ್ತು. ಬೆರಗಿಗೂ ಒಂದು ಎಲ್ಲೆ ಇದೆ. ನೋಡುವವರ ಮನಸ್ಸು ಲೆಕ್ಕ ಹಾಕಲು ಶುರು ಮಾಡಿತು. ಒಮ್ಮೆ ಲೆಕ್ಕ ಶುರುವಾದರೆ ಫೈಟ್ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ನಮ್ಮ ಶಿವಣ್ಣನ ವಿಷಯದಲ್ಲಿ ಇದು ಇನ್ನೊಂದು ರೀತಿ. 2017ರ 'ಮಫ್ತಿ'ಯಲ್ಲಿ ಬಂದ ಭೈರತಿ ರಣಗಲ್ ಪಾತ್ರದ ಹಿಂದಿನ ಕಥೆಯನ್ನು 2024ರಲ್ಲಿ ಸಿನಿಮಾ ಮಾಡಿದರು. ನಟನಿಗೆ ಏಳು ವರ್ಷ ಜಾಸ್ತಿಯಾಗಿದೆ, ಪಾತ್ರ ಮಾತ್ರ ಹಿಂದಕ್ಕೆ ಹೋಗಬೇಕು. ಆದರೂ ನಾನು ನೋಡಿದ ಥಿಯೇಟರಿನಲ್ಲಿ ಯಾರೂ ವಯಸ್ಸಿನ ಮಾತೆತ್ತಲಿಲ್ಲ. ಆ ಪಾತ್ರದ ಗತ್ತು ಇರುವುದು ಜಿಗಿತದಲ್ಲಲ್ಲ, ಸುಮ್ಮನೆ ನಿಲ್ಲುವುದರಲ್ಲಿ, ದಿಟ್ಟಿಸಿ ನೋಡುವುದರಲ್ಲಿ. ಅದಕ್ಕೆ ಮಂಡಿ ಬೇಕಾಗಿಲ್ಲ.

ಇದೇ ಜಾಣತನ 2022ರ 'ಟಾಪ್ ಗನ್: ಮ್ಯಾವರಿಕ್'ನಲ್ಲೂ ಇದೆ. ಮೊದಲನೆಯದು 1986ರದ್ದು, ನಡುವೆ 36 ವರ್ಷ. ಟಾಮ್ ಕ್ರೂಸ್ ಮೈ ಕಾಪಾಡಿಕೊಂಡಿದ್ದಾರೆ, ನಿಜ. ಆದರೆ ಪಾತ್ರದ ಮುಖ್ಯ ಸಾಹಸವೆಲ್ಲ ವಿಮಾನದ ಸೀಟಿನಲ್ಲಿ ಕೂತು ನಡೆಯುತ್ತದೆ. ಯುದ್ಧವಿಮಾನ ಗಿರಕಿ ಹೊಡೆದಾಗ ಮುಖದ ಚರ್ಮ ಎಳೆದುಕೊಳ್ಳುತ್ತದಲ್ಲ, ಅದು ಇಪ್ಪತ್ತೈದರವನಿಗೂ ಅಷ್ಟೇ, ಐವತ್ತೈದು ದಾಟಿದವನಿಗೂ ಅಷ್ಟೇ. ಹಾರಿಸಿದವರು ಅಮೆರಿಕದ ನೌಕಾಪಡೆಯ ಪೈಲಟ್‌ಗಳು, ನಟರು ಹಿಂದಿನ ಸೀಟಿನಲ್ಲಿದ್ದರು. ಜೊತೆಗೆ ಕಥೆಯೂ ವಯಸ್ಸನ್ನು ಒಪ್ಪಿಕೊಳ್ಳುತ್ತದೆ. ಓರಗೆಯ ಐಸ್‌ಮ್ಯಾನ್ ಅಡ್ಮಿರಲ್ ಆಗಿದ್ದಾನೆ, ಇವನಿನ್ನೂ ಕ್ಯಾಪ್ಟನ್. ಹುಡುಗರಿಗೆ ಕಲಿಸುವ ಕೆಲಸ. ಐಸ್‌ಮ್ಯಾನ್ ಆಗಿದ್ದ ವಾಲ್ ಕಿಲ್ಮರ್‌ಗೆ ಗಂಟಲು ಕ್ಯಾನ್ಸರ್‌ನಿಂದ ಧ್ವನಿ ಹೋಗಿತ್ತು. ಅದನ್ನು ಮುಚ್ಚಲಿಲ್ಲ. ಪಾತ್ರಕ್ಕೂ ಅದೇ ಕಾಯಿಲೆ ಕೊಟ್ಟರು. ಅವನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮಾತಾಡುತ್ತಾನೆ, ಕೊನೆಗೆ ಎದ್ದು ನಿಂತು ನಾಲ್ಕು ಮಾತು ಆಡುತ್ತಾನೆ. ಇಡೀ ಸಿನಿಮಾದಲ್ಲಿ ನನ್ನ ಕಣ್ಣು ಒದ್ದೆಯಾಗಿದ್ದು ಅಲ್ಲೇ. ಕಿಲ್ಮರ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಸಿಲ್ವೆಸ್ಟರ್ ಸ್ಟಲೋನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2006ರಲ್ಲಿ ಅರವತ್ತರ ಹೊಸ್ತಿಲಲ್ಲಿ ಬಾಕ್ಸರ್ ರಾಕಿಯಾಗಿ ಮತ್ತೆ ರಿಂಗಿಗೆ ಇಳಿದಿದ್ದರು. 2015ರ 'ಕ್ರೀಡ್'ನಲ್ಲಿ ಗ್ಲೌಸ್ ಬಿಚ್ಚಿಟ್ಟು ಹುಡುಗನ ಗುರುವಾದರು. ಅದೇ ರಾಕಿ ಪಾತ್ರಕ್ಕೆ ಮೊದಲ ಸಲ ನಾಯಕ ನಟನಾಗಿ, ಈ ಸಲ ಪೋಷಕ ನಟನಾಗಿ ಆಸ್ಕರ್‌ಗೆ ನಾಮನಿರ್ದೇಶನ ಸಿಕ್ಕಿತು.

ಇಷ್ಟು ಕಷ್ಟ ಇದ್ದರೂ ಹಳೆಯ ಹೀರೋನೇ ಯಾಕೆ ಬೇಕು? ಹೆಸರಿಗೆ. ಹೊಸ ಹೆಸರನ್ನು ಜನರಿಗೆ ಪರಿಚಯಿಸಲು ದುಡ್ಡು, ಕಾಲ ಎರಡೂ ಬೇಕು. ಇಂಡಿಯಾನಾ ಜೋನ್ಸ್ ಅಂದರೆ ಟೋಪಿ, ಚಾವಟಿ ತಾನಾಗಿ ಕಣ್ಣ ಮುಂದೆ ಬರುತ್ತವೆ. ಡಿಸ್ನಿ 2012ರಲ್ಲಿ ಲೂಕಸ್‌ಫಿಲ್ಮ್ ಕೊಳ್ಳಲು ಸುಮಾರು 400 ಕೋಟಿ ಡಾಲರ್ ಕೊಟ್ಟಿದ್ದು ಇಂಥ ಹೆಸರುಗಳಿಗೇ. ಆದರೆ ಹೆಸರೊಂದೇ ಸಾಲದು. 'ಡಯಲ್ ಆಫ್ ಡೆಸ್ಟಿನಿ'ಗೆ ಸುಮಾರು 30 ಕೋಟಿ ಡಾಲರ್ ಖರ್ಚಾಯಿತು ಅಂತ ವರದಿಗಳು ಬಂದವು. ಜಗತ್ತಿನಾದ್ಯಂತ ಟಿಕೆಟ್‌ನಿಂದ ಬಂದಿದ್ದು ಸುಮಾರು 38 ಕೋಟಿ. ಲಾಭ ಅನ್ನಿಸುತ್ತದೆ ಅಲ್ವಾ? ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರ ಪಾಲು. ಪ್ರಚಾರದ ಖರ್ಚು ಬೇರೆ. ಹಾಗಾಗಿ ಅದು ದೊಡ್ಡ ನಷ್ಟ. 'ಮ್ಯಾವರಿಕ್' 17 ಕೋಟಿಯಲ್ಲಿ ಮುಗಿದು ಸುಮಾರು 149 ಕೋಟಿ ತಂದಿತು.

ನಷ್ಟವಾಯಿತು ಅಂತ ಆ ಸಿನಿಮಾವನ್ನು ನಾನು ಬಿಟ್ಟುಕೊಡಲಾರೆ. ಅದರ ಕೊನೆಯ ದೃಶ್ಯಕ್ಕಾಗಿ. ಅದಕ್ಕೆ 1981ಕ್ಕೆ ಹೋಗಬೇಕು. ಮೊದಲ ಸಿನಿಮಾದಲ್ಲಿ ಹಡಗಿನ ಕೋಣೆಯೊಂದರಲ್ಲಿ ಇಂಡಿ ಏಟು ತಿಂದು ಮಲಗಿದ್ದಾನೆ. ಮೇರಿಯನ್ ಮುಟ್ಟಿದಲ್ಲೆಲ್ಲ ನೋವು ಅನ್ನುತ್ತಾನೆ. ಹಾಗಾದರೆ ಎಲ್ಲಿ ನೋವಿಲ್ಲ ಅಂತ ಅವಳು ರೇಗುತ್ತಾಳೆ. ಅವನು ಮೊಣಕೈ ತೋರಿಸುತ್ತಾನೆ. ಅವಳು ಅಲ್ಲಿ ಮುತ್ತಿಡುತ್ತಾಳೆ.

ನಲವತ್ತೆರಡು ವರ್ಷದ ಮೇಲೆ, ನ್ಯೂಯಾರ್ಕಿನ ಅದೇ ಫ್ಲ್ಯಾಟಿಗೆ ಮೇರಿಯನ್ ಬರುತ್ತಾಳೆ. ಅದೇ ನಟಿ, ಕ್ಯಾರನ್ ಆಲೆನ್. ಇಬ್ಬರದ್ದೂ ಬೆಳ್ಳಿ ಕೂದಲು. ಮಗನನ್ನು ಕಳೆದುಕೊಂಡ ಇಬ್ಬರು. ಈ ಸಲ ನೋವು ಅನ್ನುವವಳು ಅವಳು. ಎಲ್ಲಿ ನೋವಿಲ್ಲ ಅಂತ ಕೇಳುವವನು ಅವನು.

ಅಪ್ಪ ಮೊದಲ ಸಿನಿಮಾ ನೋಡಿಲ್ಲ. ಆ ಹಡಗಿನ ಕೋಣೆಯ ಕಥೆಯನ್ನು ನಾನು ಅವಸರವಾಗಿ ಹೇಳುತ್ತಿದ್ದೆ. ಅವರು ಕೈ ಎತ್ತಿ ಸುಮ್ಮನಿರಿಸಿದರು. ತೆರೆಯ ಮೇಲೆ ಮೇರಿಯನ್ ತನ್ನ ಮೊಣಕೈ ಮುಂದೆ ಮಾಡಿದಳು. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮನನ್ನು ಅಪ್ಪ ಕೂಗಿ ಕರೆದರು: "ಲೇ, ಒಂದ್ನಿಮಿಷ ಬಾ ಇಲ್ಲಿ, ಇದನ್ನ ನೋಡು."